ಪ್ರಶ್ನೆಗೊಂದು ಬಾಲ

2022ರ ಸೆಪ್ಟೆಂಬರ್. ಮಾರಿಕಣಿವೆ ಕೋಡಿ ಬಿದ್ದಿತ್ತು. ಕಾಗದಪತ್ರದಲ್ಲಿ ಅದು ವಾಣಿವಿಲಾಸ ಸಾಗರ. ಹಿರಿಯೂರು ಕಡೆಯವರ ಬಾಯಲ್ಲಿ ಈಗಲೂ ಮಾರಿಕಣಿವೆಯೇ. 1898ರಲ್ಲಿ ಕಟ್ಟಲು ಶುರು ಮಾಡಿ 1907ರಲ್ಲಿ ಮುಗಿಸಿದ ಜಲಾಶಯ ಅದು. ಅಲ್ಲಿಂದ ಇಲ್ಲಿಯವರೆಗೆ ಕೋಡಿ ಬಿದ್ದದ್ದು ಒಂದೇ ಸಲ, 1933ರಲ್ಲಿ. ಈಗ 89 ವರ್ಷದ ಮೇಲೆ ಮತ್ತೆ. ಜನ ಟ್ರ್ಯಾಕ್ಟರ್, ಬೈಕು, ಆಟೊ ಹತ್ತಿಕೊಂಡು ಜಾತ್ರೆಗೆ ಬಂದ ಹಾಗೆ ಬಂದಿದ್ದರು.

ನಾನಾಗ ಒಂದು ಚಾನೆಲ್‌ಗೆ ಸ್ಟ್ರಿಂಗರ್, ಅಂದರೆ ಖಾಯಂ ಅಲ್ಲದ ವರದಿಗಾರ. ಡೆಸ್ಕ್‌ನಿಂದ ಫೋನ್ ಬಂತು. “1933ರಲ್ಲಿ ನೋಡಿದವರು ಯಾರಾದ್ರೂ ಸಿಗ್ತಾರಾ ನೋಡು. ಒಂದು ಬೈಟ್ ಸಾಕು.” ಬೈಟ್ ಅಂದರೆ ಕ್ಯಾಮೆರಾ ಮುಂದೆ ಆಡಿಸುವ ನಾಲ್ಕು ಮಾತು.

ಸಿಕ್ಕರು. ಮೊಮ್ಮಗನ ಕೈ ಹಿಡಿದುಕೊಂಡು ನೀರನ್ನೇ ನೋಡುತ್ತಾ ನಿಂತಿದ್ದ ಒಬ್ಬ ಅಜ್ಜ. ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್ಲು. ಮುಖ ನೋಡಿದರೆ ನೂರು ವರ್ಷದ ಕಥೆ ಇದೆ ಅನ್ನಿಸುವಂತಿತ್ತು. ಲೋಗೋ, ಅಂದರೆ ಚಾನೆಲ್ ಹೆಸರಿನ ಮೈಕು, ಮುಂದೆ ಹಿಡಿದೆ.

“ಅಜ್ಜಾ, ಹಿಂದೆ ಕೋಡಿ ಬಿದ್ದಾಗ ನೀವು ನೋಡಿದ್ರಿ ಅಲ್ವಾ?”

“ಹೂಂ ಕಣಪ್ಪಾ.”

“ಆಗ್ಲೂ ಹಿಂಗೇ ಭಾರಿ ನೀರು ಬಂದಿತ್ತು ಅಲ್ವಾ?”

“ಹೂಂ, ಭಾರಿ ನೀರು ಬಂದಿತ್ತಂತೆ.”

“ಈಗ ಮತ್ತೆ ನೋಡಿ ಖುಷಿ ಆಗ್ತಿದೆ ಅಲ್ವಾ?”

“ಖುಷಿ ಆಗ್ದೆ ಇರ್ತದಾ?”

ಮುಗೀತು. ಒಂದು ನಿಮಿಷವೂ ಆಗಲಿಲ್ಲ. ಹೆಸರು, ವಯಸ್ಸು ಬರೆದುಕೊಂಡು ಕಳಿಸಿದೆ. ಸಂಜೆ ಹೊತ್ತಿಗೆ ‘ಎರಡೂ ಸಲ ಕೋಡಿ ಕಂಡ ಅಜ್ಜ’ ಅಂತ ಓಡಿತು. ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಟಿವಿ ನೋಡುತ್ತಾ ಕೇಳಿದಳು: “ಇವ್ರಿಗೆ ವಯಸ್ಸೆಷ್ಟು?” ಪುಸ್ತಕ ತೆಗೆದು ನೋಡಿದೆ. 85. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. 2022ರಲ್ಲಿ 85 ಕಳೆದರೆ 1937. ಕೋಡಿ ಬಿದ್ದ ನಾಲ್ಕು ವರ್ಷದ ಮೇಲೆ ಹುಟ್ಟಿದವರು ಅದನ್ನು ಕಣ್ಣಾರೆ ಕಂಡಿದ್ದರು!

ಅಜ್ಜ ಸುಳ್ಳು ಹೇಳಲಿಲ್ಲ. ಎರಡನೇ ಉತ್ತರ ಇನ್ನೊಂದು ಸಲ ಓದಿ. ‘ಬಂದಿತ್ತಂತೆ’ ಅಂದಿದ್ದಾರೆ. ಆ ‘ಅಂತೆ’ ಒಂದೇ ಸಾಕಿತ್ತು, ಇದು ಕಂಡದ್ದಲ್ಲ, ಕೇಳಿದ್ದು ಅಂತ ತಿಳಿಯೋಕೆ. ಅದು ನನ್ನ ಕಿವಿಗೆ ಬೀಳಲೇ ಇಲ್ಲ. ನನ್ನ ತಲೆಯಲ್ಲಿ ಉತ್ತರ ಮೊದಲೇ ತಯಾರಾಗಿತ್ತು. ಅದನ್ನು ಅವರ ಬಾಯಿಂದ ಹೊರಡಿಸಬೇಕಿತ್ತು, ಅಷ್ಟೇ. ಅದಕ್ಕೆ ಬಳಸಿದ ಹತಾರ ಮೂರು ‘ಅಲ್ವಾ’.

ಅವತ್ತಿನಿಂದ ನಾನು ಸಂದರ್ಶನ ನೋಡುವಾಗ ಉತ್ತರಕ್ಕಿಂತ ಪ್ರಶ್ನೆಯನ್ನು ಜಾಸ್ತಿ ಗಮನಿಸುತ್ತೇನೆ. ಅದರಲ್ಲೂ ಪ್ರಶ್ನೆಯ ಕೊನೆಯನ್ನು. ಯಾಕೆಂದರೆ ಕನ್ನಡದಲ್ಲಿ ಪ್ರಶ್ನೆಯ ಜೀವ ಬಹುಪಾಲು ಬಾಲದಲ್ಲೇ ಇರುತ್ತದೆ.

ಒಂದೇ ಮಾತು ತೆಗೆದುಕೊಳ್ಳೋಣ. ‘ನೀರು ಬಂತು.’ ಕೊನೆಯ ಸ್ವರ ಎಳೆದರೆ ‘ನೀರು ಬಂತಾ?’ ಇದಕ್ಕೆ ಹೌದು ಅಥವಾ ಇಲ್ಲ ಅಂದರೆ ಸಾಕು. ಇದು ಮುಚ್ಚಿದ ಪ್ರಶ್ನೆ. ಕೇಳುವವನು ಯಾವ ಕಡೆಗೂ ವಾಲಿಲ್ಲ. ಈಗ ಬಾಲ ಬದಲಿಸಿ: ‘ನೀರು ಬಂತು ಅಲ್ವಾ?’ ಇಲ್ಲೂ ಹೌದು, ಇಲ್ಲ ಎರಡಕ್ಕೂ ಜಾಗವಿದೆ. ಆದರೆ ಹೌದು ಅನ್ನುವ ಕಡೆ ನೆಲ ಇಳಿಜಾರು. ‘ನೀರು ಬಂತು ತಾನೇ?’ ಅಂದರೆ ಇಳಿಜಾರು ಇನ್ನೂ ಜಾಸ್ತಿ. ಇಲ್ಲ ಅನ್ನಬೇಕಾದರೆ ಎದುರಿಗಿದ್ದವನ ಜೊತೆ ಸಣ್ಣ ಜಗಳಕ್ಕೇ ನಿಲ್ಲಬೇಕು. ‘ನೀರಾದ್ರೂ ಬಂತಾ?’ ಅಂದರೆ ಮಿಕ್ಕಿದ್ದೆಲ್ಲ ಕೆಟ್ಟಿದೆ ಅನ್ನುವುದು ಆ ‘ಆದ್ರೂ’ದಲ್ಲೇ ಸೇರಿಹೋಗಿದೆ. ನೀರಿನ ಬಗ್ಗೆ ಕೇಳಿದ ಹಾಗೆ ಮಾಡಿ ದೂರನ್ನೂ ನಾವೇ ಬರೆದುಕೊಟ್ಟೆವು.

ಯಾರು, ಏನು, ಎಲ್ಲಿ, ಯಾವಾಗ, ಹೇಗೆ ಅಂತ ಕೇಳಿದರೆ ಅದು ತೆರೆದ ಪ್ರಶ್ನೆ ಅಂತ ಪಾಠ ಮಾಡುವುದುಂಟು. ಪೂರ್ತಿ ನಿಜವಲ್ಲ. ‘ಎಷ್ಟು ದಿನದಿಂದ ನೀರು ಬಂದಿಲ್ಲ?’ ಎಂಬುದರಲ್ಲಿ ‘ಎಷ್ಟು’ ಇದೆ. ಆದರೆ ನೀರು ಬಂದಿಲ್ಲ ಅನ್ನುವುದನ್ನು ಕೇಳುವವನೇ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ರೈತ ‘ಹತ್ತು ದಿನ’ ಅಂದರೂ, ‘ಹದಿನೈದು ದಿನ’ ಅಂದರೂ ಆ ತೀರ್ಮಾನಕ್ಕೆ ರುಜು ಹಾಕಿದ ಹಾಗೆಯೇ. ನಿಜವಾಗಿ ತೆರೆದಿರುವುದು ‘ಈ ಸಲ ನೀರಿನ ಕಥೆ ಹೇಳಿ’ ಎಂಬಂಥದ್ದು. ವ್ಯಾಕರಣದ ಲೆಕ್ಕದಲ್ಲಿ ಅದು ಪ್ರಶ್ನೆಯೇ ಅಲ್ಲ, ನೋಡಿ.

ಎದುರಿನವರು ವಯಸ್ಸಾದವರಾಗಿದ್ದರೆ, ಕ್ಯಾಮೆರಾ ಕಂಡು ಹೆದರಿದವರಾಗಿದ್ದರೆ ಈ ‘ಅಲ್ವಾ’ ಇನ್ನೂ ಜೋರು ಕೆಲಸ ಮಾಡುತ್ತದೆ. ನಮ್ಮ ಕಡೆ ಮನೆ ಬಾಗಿಲಿಗೆ ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಅನ್ನುವುದಿಲ್ಲ. ಹೂಂ ಅನ್ನುವುದು ಎಷ್ಟೋ ಸಲ ಒಪ್ಪಿಗೆಯಲ್ಲ, ‘ನೀನು ಹೇಳ್ತಿರೋದು ಕೇಳಿಸ್ತಿದೆ, ಮುಂದುವರಿಸು’ ಅನ್ನುವ ಮರ್ಯಾದೆ. ಕಥೆ ಕೇಳುವ ಮಗು ಹೂಂಗುಟ್ಟುತ್ತದಲ್ಲ, ಹಾಗೆ. ವರದಿಗಾರ ಅದನ್ನು ಸಾಕ್ಷಿ ಅಂತ ಬರೆದುಕೊಂಡು ಹೋಗುತ್ತಾನೆ.

ಈ ಅಪಾಯ ನ್ಯಾಯಾಲಯಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇಂಥ ಪ್ರಶ್ನೆಯ ವ್ಯಾಖ್ಯಾನವಿದೆ. ಕೇಳುವವನು ಬಯಸುವ ಅಥವಾ ನಿರೀಕ್ಷಿಸುವ ಉತ್ತರವನ್ನು ಪ್ರಶ್ನೆಯೇ ಸೂಚಿಸಿದರೆ ಅದು ಸೂಚಕ ಪ್ರಶ್ನೆ. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ನಿಯಮ ಮಾತ್ರ ಅಲ್ಲೂ ಮುಂದುವರಿದಿದೆ. ನಿಯಮ ಸರಳ. ನಿಮ್ಮದೇ ಸಾಕ್ಷಿಯನ್ನು ಮುಖ್ಯ ವಿಚಾರಣೆ ಮಾಡುವಾಗ, ಎದುರು ಪಕ್ಷದವರು ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿ ಇಲ್ಲದೆ ಸೂಚಕ ಪ್ರಶ್ನೆ ಕೇಳುವ ಹಾಗಿಲ್ಲ. ಎದುರು ಪಕ್ಷದ ಸಾಕ್ಷಿಗೆ ಪಾಟೀಸವಾಲು ಹಾಕುವಾಗ ಕೇಳಬಹುದು. ಹೆಸರು, ಊರು, ಕಸುಬಿನಂಥ ಪೀಠಿಕೆಯ ವಿಷಯಕ್ಕೆ, ಯಾರೂ ತಕರಾರು ಮಾಡದ ಸಂಗತಿಗೆ ನ್ಯಾಯಾಲಯವೇ ಬಿಟ್ಟುಕೊಡುತ್ತದೆ.

ವರದಿಗಾರಿಕೆಗೆ ಇದಕ್ಕಿಂತ ಒಳ್ಳೆ ದಿಕ್ಸೂಚಿ ನನಗೆ ಸಿಕ್ಕಿಲ್ಲ. ಕಂಡದ್ದು ಹೇಳುವವರ ಹತ್ತಿರ ಮುಖ್ಯ ವಿಚಾರಣೆ ಮಾಡಬೇಕು. ಉತ್ತರ ಕೊಡಬೇಕಾದವರ ಹತ್ತಿರ ಪಾಟೀಸವಾಲು ಹಾಕಬೇಕು. ನಮ್ಮಲ್ಲಿ ಬಹಳ ಸಲ ಇದು ತಿರುಗಾಮುರುಗಾ ಆಗಿದೆ. ಕಾಲುವೆ ಏರಿ ಮೇಲೆ ನಿಂತ ರೈತನಿಗೆ ಪಾಟೀಸವಾಲು. ಎಸಿ ರೂಮಿನ ಸೋಫಾದಲ್ಲಿ ಕೂತವರಿಗೆ ‘ಮುಂದಿನ ಯೋಜನೆ ಏನು ಸಾರ್?’

ಒಂದು ಪದ ಬದಲಾದರೆ ಎಷ್ಟು ವ್ಯತ್ಯಾಸ ಆಗಬಹುದು ಅನ್ನುವುದನ್ನು ಅಳತೆ ಹಾಕಿ ತೋರಿಸಿದವರಿದ್ದಾರೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಪ್ರಯೋಗ ಅದು. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಪುಟ್ಟ ಚಲನಚಿತ್ರಗಳನ್ನು ತೋರಿಸಿದರು. ಆಮೇಲೆ ಕಾರುಗಳ ವೇಗ ಎಷ್ಟಿತ್ತು ಅಂತ ಕೇಳಿದರು. ಎಲ್ಲರಿಗೂ ಅದೇ ಪ್ರಶ್ನೆ, ಕ್ರಿಯಾಪದ ಮಾತ್ರ ಬೇರೆ ಬೇರೆ. ಕಾರುಗಳು ಒಂದಕ್ಕೊಂದು ‘ತಾಗಿದಾಗ’ ಎಂಬ ಅರ್ಥದ ಪದ ಕೇಳಿದವರು ಹೇಳಿದ ವೇಗದ ಸರಾಸರಿ ಗಂಟೆಗೆ 31.8 ಮೈಲಿ. ‘ಅಪ್ಪಳಿಸಿದಾಗ’ ಎಂಬ ಅರ್ಥದ ಪದ ಕೇಳಿದವರದ್ದು 40.8 ಮೈಲಿ. ನೋಡಿದ್ದು ಮಾತ್ರ ಒಂದೇ ಚಿತ್ರಗಳು.

ಇಷ್ಟೇ ಆಗಿದ್ದರೆ ಅಂದಾಜಿನ ವ್ಯತ್ಯಾಸ ಅಂತ ಬಿಡಬಹುದಿತ್ತು. ಇನ್ನೊಂದು ಪ್ರಯೋಗದಲ್ಲಿ 150 ವಿದ್ಯಾರ್ಥಿಗಳನ್ನು ಒಂದು ವಾರ ಬಿಟ್ಟು ಮತ್ತೆ ಕರೆಸಿದರು. ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. ಚಿತ್ರದಲ್ಲಿ ಗಾಜಿನ ಚೂರೇ ಇರಲಿಲ್ಲ. ಆದರೂ ವಾರದ ಹಿಂದೆ ‘ಅಪ್ಪಳಿಸಿದಾಗ’ ಅಂತ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ನೋಡಿದ್ದೇವೆ ಅಂದರು. ಬರೀ ‘ಹೊಡೆದಾಗ’ ಅಂತ ಕೇಳಿಸಿಕೊಂಡವರಲ್ಲಿ 7 ಮಂದಿ. ವೇಗದ ಪ್ರಶ್ನೆಯನ್ನೇ ಕೇಳಿಸಿಕೊಳ್ಳದವರಲ್ಲಿ 6 ಮಂದಿ. ಅಂದರೆ ಪ್ರಶ್ನೆ ಉತ್ತರವನ್ನಷ್ಟೇ ಅಲ್ಲ, ನೆನಪನ್ನೇ ಮುಟ್ಟಿತ್ತು.

ಚಿತ್ರದುರ್ಗದಿಂದ ದಾವಣಗೆರೆಗೆ ಬರುವ 48ನೇ ಹೆದ್ದಾರಿಯಲ್ಲಿ ಅಪಘಾತ ವರದಿ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪಕ್ಕದ ಟೀ ಅಂಗಡಿಯವನನ್ನು ‘ಲಾರಿ ಎಷ್ಟು ಜೋರಾಗಿ ಬಂದು ಗುದ್ದಿತು?’ ಅಂತ ಕೇಳುತ್ತೇವೆ. ಲಾರಿಯೇ ಗುದ್ದಿತು ಅಂತ ಹೇಳಿದವರು ಯಾರು? ಜೋರಾಗಿ ಬಂತು ಅಂದವರು ಯಾರು? ನಾವೇ. ‘ನೀವು ಅಂಗಡಿಯಲ್ಲಿ ಎಲ್ಲಿ ನಿಂತಿದ್ರಿ? ಮೊದಲು ಏನು ಕೇಳಿಸ್ತು? ತಿರುಗಿ ನೋಡಿದಾಗ ಏನು ಕಂಡಿತು?’ ಅಂತ ಕೇಳಿದರೆ ಅವನು ಎಷ್ಟೋ ಸಲ ‘ಸದ್ದು ಕೇಳಿ ತಿರುಗಿದೆ ಸಾರ್, ಅಷ್ಟೊತ್ತಿಗೆ ಆಗೋಗಿತ್ತು’ ಅನ್ನುತ್ತಾನೆ. ಅವನು ಅಪಘಾತ ನೋಡಿಯೇ ಇಲ್ಲ. ಬೈಟ್ ಸಿಗಲಿಲ್ಲ ಅಂತ ಬೇಜಾರಾಗುತ್ತದೆ, ನಿಜ. ಆದರೆ ಒಂದು ಸುಳ್ಳು ಸುದ್ದಿ ತಪ್ಪಿತು.

ತೆರೆದ ಪ್ರಶ್ನೆ ಏನು ಮಾಡುತ್ತದೆ ಅನ್ನುವುದನ್ನು ಭದ್ರಾ ನಾಲೆಯ ಕೊನೆ ಭಾಗದಲ್ಲಿ ತೋರಿಸುತ್ತೇನೆ. ಲಕ್ಕವಳ್ಳಿಯ ಅಣೆಕಟ್ಟು ತುಂಬಿದರೆ 186 ಅಡಿ. ಈ ನಂಬರು ದಾವಣಗೆರೆ ಸೀಮೆಯ ಭತ್ತದ ರೈತರಿಗೆ ಮನೆಯ ಬಾಗಿಲ ಸಂಖ್ಯೆಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಎಷ್ಟು ಅಡಿ ಇದ್ದರೂ ಮಲೇಬೆನ್ನೂರು ದಾಟಿ ಕೊನೆ ತೂಬಿಗೆ ಬರುವ ಹೊತ್ತಿಗೆ ನೀರಿನ ಲೆಕ್ಕ ಬೇರೆ. ಬೇಸಿಗೆ ಬೆಳೆಯ ಕಾಲದಲ್ಲಿ ವರದಿಗಾರರೂ ಹೋಗುತ್ತಾರೆ. ನಾನೂ ಹೋಗುತ್ತಿದ್ದೆ. ಮಾಮೂಲಿ ಸಂದರ್ಶನ ಹೀಗಿರುತ್ತದೆ:

“ನೀರು ಬಂದಿಲ್ಲ ಅಲ್ವಾ?” “ಬಂದಿಲ್ರಿ.” “ಬೆಳೆ ಒಣಗ್ತಾ ಇದೆ ಅಲ್ವಾ?” “ಒಣಗ್ತಾ ಐತ್ರಿ.” “ಯಾರೂ ಬಂದು ಕೇಳಿಲ್ಲ ಅಲ್ವಾ?” “ಯಾರೂ ಬಂದಿಲ್ರಿ.”

ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲದಿರಬಹುದು. ಆದರೆ ರೈತನ ಮಾತೂ ಒಂದೂ ಇಲ್ಲ. ಆಫೀಸಿನಲ್ಲೇ ಕೂತು ಬರೆಯಬಹುದಿತ್ತು, ಪೆಟ್ರೋಲಾದರೂ ಉಳೀತಿತ್ತು. ಒಂದು ವರ್ಷ, ಸುಮ್ನೆ ಒಂದು ಪ್ರಯತ್ನ ಅಂತ, ಬೇರೆ ಥರ ಕೇಳಿದೆ.

“ಯಜಮಾನ್ರೇ, ಈ ಸಲ ನಾಟಿ ಮಾಡಿದ ದಿನದಿಂದ ಏನೇನಾಯ್ತು, ಹೇಳ್ತಾ ಹೋಗಿ.”

“ಏನ್ ಹೇಳ್ಲಿ ಸಾರ್... ಮೊದ್ಲು ಹತ್ತು ದಿನ ಬಂತು. ಚೆನ್ನಾಗೇ ಬಂತು. ಆಮೇಲೆ ರಾತ್ರಿ ಹೊತ್ತು ಮಾತ್ರ ಬರೋಕೆ ಶುರುವಾಯ್ತು. ನಾನೂ ನನ್ ಮಗನೂ ಕಾಲುವೆ ಮೇಲೇ ಮಲಗ್ತಿದ್ವಿ.”

“ಕಾಲುವೆ ಮೇಲಾ?”

“ಮತ್ತೆ? ಇಲ್ಲಾಂದ್ರೆ ಮೇಲ್ಗಡೆಯವ್ರು ತೂಬು ತಿರುವಿಬಿಡ್ತಾರೆ.”

ನಾನು ಸುಮ್ಮನಿದ್ದೆ. ಅವರು ಒಂದು ಹುಲ್ಲುಕಡ್ಡಿ ಕಿತ್ತು ಹಲ್ಲಿಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು:

“ಮೇಲ್ಗಡೆಯವ್ರು ಅಂದ್ರೆ ಬೇರೆ ಯಾರೂ ಅಲ್ಲ ಸಾರ್. ನನ್ ಬೀಗ್ರೇ. ಹಬ್ಬಕ್ಕೆ ಮಗಳನ್ನ ಕಳ್ಸಿಲ್ಲ ಅವ್ರು.”

ನೀರಿನ ಜಗಳ ನಾಲೆಯಿಂದ ಹೊಸಲು ದಾಟಿ ಮನೆಯೊಳಗೆ ಬಂದಿತ್ತು. ಆ ಉತ್ತರ ತರಿಸುವಂಥ ‘ಅಲ್ವಾ’ ಯಾವುದೂ ಇಲ್ಲ, ಯಾಕೆಂದರೆ ಅಂಥದ್ದೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಹೊರತೆಗೆಯುವ ಕೆಲಸ ತೆರೆದ ಪ್ರಶ್ನೆಯದು. ಗೊತ್ತಿರುವುದನ್ನು ಒಪ್ಪಿಸುವ ಕೆಲಸ ಮುಚ್ಚಿದ ಪ್ರಶ್ನೆಯದು.

ಇಲ್ಲಿ ಇನ್ನೆರಡು ಸಂಗತಿ ಇವೆ. ‘ಕಾಲುವೆ ಮೇಲಾ?’ ಎಂಬುದು ಹೊಸ ಪ್ರಶ್ನೆಯಲ್ಲ. ಅವರ ಮಾತನ್ನೇ ತಿರುಗಿಸಿ ಕೊಟ್ಟದ್ದು. ಇದಕ್ಕೆ ಮತ್ತು ‘ಆಮೇಲೆ?’ ಎಂಬುದಕ್ಕೆ ಇರುವ ಶಕ್ತಿ ಉದ್ದುದ್ದ ಪ್ರಶ್ನೆಗಳಿಗಿಲ್ಲ. ಇನ್ನೊಂದು, ಸುಮ್ಮನಿರುವುದು. ನಾಲ್ಕು ಸೆಕೆಂಡಿನ ಮೌನ ಕ್ಯಾಮೆರಾ ಹಿಂದೆ ನಿಂತವನಿಗೆ ನಾಲ್ಕು ನಿಮಿಷದ ಹಾಗೆ ಅನ್ನಿಸುತ್ತದೆ. ತಡೆದುಕೊಂಡರೆ ಎದುರಿನವರು ಅದನ್ನು ತುಂಬುತ್ತಾರೆ. ಕೆನಡಾದ ಪತ್ರಕರ್ತ ಜಾನ್ ಸವಾಟ್ಸ್ಕಿ ಎಷ್ಟೋ ವರ್ಷ ಪತ್ರಕರ್ತರಿಗೆ ಸಂದರ್ಶನದ ತರಬೇತಿ ಕೊಟ್ಟವರು. ಅವರ ಪಾಠದ ತಿರುಳೂ ಇದೇ: ಪ್ರಶ್ನೆ ಚಿಕ್ಕದಿರಲಿ, ತೆರೆದಿರಲಿ, ನಿಮ್ಮ ಅಭಿಪ್ರಾಯ ಅದರಲ್ಲಿ ಇರದಿರಲಿ.

ಹಾಗಂತ ಬಾಗಿಲು ಪೂರ್ತಿ ತೆಗೆದಿಟ್ಟರೆ ಯಾರೂ ಒಳಗೆ ಬರುವುದಿಲ್ಲ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ‘ನನ್ ಬಗ್ಗೆ ಏನೈತಿ ಸಾರ್ ಹೇಳಾಕೆ?’ ಅಂತಾರೆ. ತೆರೆದ ಪ್ರಶ್ನೆಗೂ ಒಂದು ಹಿಡಿಕೆ ಬೇಕು. ‘ನಾಟಿ ಮಾಡಿದ ದಿನದಿಂದ’ ಎಂಬುದು ಅಂಥ ಹಿಡಿಕೆ. ಮಾತು ಶುರುವಾಗೋಕೆ ಪುಟ್ಟ ಮುಚ್ಚಿದ ಪ್ರಶ್ನೆಗಳೂ ಬೇಕು. ಊಟ ಆಯ್ತಾ, ಮಳೆ ಆಯ್ತಾ, ಮೆಕ್ಕೆಜೋಳ ಮಾರಿದ್ರಾ. ಯಾವುದೇ ಸಿನಿಮಾ ತಂಡ ದಾವಣಗೆರೆಗೆ ಬಂದರೂ ‘ಬೆಣ್ಣೆ ದೋಸೆ ತಿಂದ್ರಾ?’ ಅಂತ ಕೇಳುವುದು, ಅವರು ‘ಸೂಪರ್’ ಅನ್ನುವುದು ಮಾಮೂಲಿ. ಅದರಿಂದ ಸುದ್ದಿ ಹುಟ್ಟುವುದಿಲ್ಲ, ಆದರೆ ಯಾರಿಗೂ ನಷ್ಟವೂ ಇಲ್ಲ. ದೋಸೆ ಅಂಗಡಿಯವರಿಗಂತೂ ಲಾಭವೇ.

ಈಗ ಪಾಟೀಸವಾಲಿನ ಕಡೆಗೆ ಬರೋಣ. ಅಧಿಕಾರದಲ್ಲಿರುವವರಿಗೆ ‘ನೀರಿನ ಕಥೆ ಹೇಳಿ’ ಅಂತ ಕೇಳಿದರೆ ಕಥೆಯನ್ನೇ ಹೇಳುತ್ತಾರೆ. ಅಲ್ಲಿ ಮುಚ್ಚಿದ ಪ್ರಶ್ನೆಯೇ ಬೇಕು. ಇದಕ್ಕೆ ಜಗತ್ತಿನಲ್ಲೆಲ್ಲ ಕೊಡುವ ಉದಾಹರಣೆ 1997ರ ಮೇ 13ರಂದು ಬಿಬಿಸಿಯಲ್ಲಿ ನಡೆದದ್ದು. ಬ್ರಿಟನ್ನಿನ ಮಾಜಿ ಗೃಹ ಸಚಿವ ಮೈಕಲ್ ಹೊವಾರ್ಡ್ ಅವರನ್ನು ಜೆರೆಮಿ ಪ್ಯಾಕ್ಸ್‌ಮನ್ ಸಂದರ್ಶಿಸುತ್ತಿದ್ದರು. ಜೈಲುಗಳ ಮುಖ್ಯಸ್ಥರ ತೀರ್ಮಾನವನ್ನು ತಳ್ಳಿಹಾಕುವುದಾಗಿ ನೀವು ಬೆದರಿಸಿದಿರಾ? ಹೌದು ಅಥವಾ ಇಲ್ಲ ಅಂದರೆ ಮುಗಿಯುವ ಪ್ರಶ್ನೆ. ಹೊವಾರ್ಡ್ ಸುತ್ತಿ ಬಳಸಿ ಬೇರೇನೋ ಹೇಳಿದರು. ಪ್ಯಾಕ್ಸ್‌ಮನ್ ಅದನ್ನೇ ಮತ್ತೆ ಕೇಳಿದರು. ಮತ್ತೆ. ಮತ್ತೆ. ಒಟ್ಟು 12 ಸಲ ಅಂತ ಲೆಕ್ಕ. ಉತ್ತರ ಸಿಗಲಿಲ್ಲ. ಆದರೆ ಉತ್ತರ ಸಿಗಲಿಲ್ಲ ಅನ್ನುವುದೇ ನೋಡುವವರಿಗೆ ಸಿಕ್ಕ ಉತ್ತರ. ಮುಂದಿನ ಸುದ್ದಿಯ ಟೇಪ್ ತಯಾರಾಗಿರಲಿಲ್ಲ, ಹೊತ್ತು ಕಳೆಯಬೇಕಿತ್ತು ಅಂತ ಪ್ಯಾಕ್ಸ್‌ಮನ್ ಮುಂದೊಮ್ಮೆ ಹೇಳಿಕೊಂಡರು. ನನಗೆ ಆ ಮಾತು ಬಹಳ ಇಷ್ಟ. ಪತ್ರಿಕೋದ್ಯಮದ ಪಾಠವಾಗಿ ಹೇಳುವ ಘಟನೆಯಲ್ಲೂ ಡೆಸ್ಕ್‌ನ ಪರದಾಟ ಇತ್ತಲ್ಲ!

ಕನ್ನಡದಲ್ಲಿ ನುಣುಚಿಕೊಳ್ಳುವವರಿಗೆ ಇನ್ನೊಂದು ಸೌಲಭ್ಯವಿದೆ. ಅದು ‘ಲಾಗುವುದು’. ಪರಿಶೀಲಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು, ಗಮನಕ್ಕೆ ತರಲಾಗುವುದು. ಈ ವಾಕ್ಯಗಳನ್ನು ಅಲುಗಾಡಿಸಿ ನೋಡಿ, ಒಳಗೆ ಮನುಷ್ಯರೇ ಇಲ್ಲ. ಯಾರು ಪರಿಶೀಲಿಸುತ್ತಾರೆ? ಗೊತ್ತಿಲ್ಲ. ಯಾವಾಗ? ಮುಂದೆ ಯಾವಾಗಲೋ. ಕೇಳಿದ ಪ್ರಶ್ನೆ ‘ಕೊನೆ ಭಾಗಕ್ಕೆ ನೀರು ತಲುಪಿಸೋಕೆ ಏನು ಕ್ರಮ ಸಾರ್?’ ಅಂತ ಇದ್ದರೆ ಉತ್ತರ ‘ಲಾಗುವುದು’ ಅಂತಲೇ ಬರುತ್ತದೆ. ಅದಕ್ಕೆ ಅಲ್ಲೇ ಮದ್ದಿದೆ. ಕಳೆದುಹೋದ ಕರ್ತೃವನ್ನು ಹುಡುಕಿಕೊಡುವ ಪ್ರಶ್ನೆ. ‘ಯಾರು ಪರಿಶೀಲಿಸ್ತಾರೆ? ನೀವಾ?’ ‘ಯಾವ ತಾರೀಕಿನೊಳಗೆ?’ ‘ಆ ದಿನ ನಾನು ಬಂದು ಕೇಳಬಹುದಾ?’ ಮೂರೂ ಪುಟ್ಟ ಪ್ರಶ್ನೆಗಳು. ಮೂರಕ್ಕೂ ‘ಲಾಗುವುದು’ ಒಗ್ಗುವುದಿಲ್ಲ.

ಸುದ್ದಿಗೋಷ್ಠಿಯಲ್ಲಿ ನಾವು ಹೀಗೆ ಮಾಡುತ್ತೇವಾ? ಹತ್ತು ಲೋಗೋಗಳ ಮಧ್ಯೆ ಒಂದು ಅವಕಾಶ ಸಿಗುತ್ತದೆ. ಸಿಕ್ಕಿದ್ದೇ ತಡ, ಎಲ್ಲವನ್ನೂ ಒಂದೇ ಉಸಿರಿಗೆ ತುಂಬುತ್ತೇವೆ: ‘ಸಾರ್, ನೀರು ಯಾವಾಗ ಬಿಡ್ತೀರಿ, ಅಕ್ರಮ ಪಂಪ್‌ಸೆಟ್ ಯಾಕೆ ತೆಗೆಸಿಲ್ಲ, ರೈತರು ಹೆದ್ದಾರಿ ತಡೀತೀವಿ ಅಂತಿದ್ದಾರೆ, ಹಾಗೇ ಸಂಪುಟ ವಿಸ್ತರಣೆ ಬಗ್ಗೆ...’ ಇದು ಸಂತೆಯ ಚೀಲ. ಎದುರಿನವರು ಕೈ ಹಾಕಿ ತಮಗೆ ಬೇಕಾದ ಬದನೆಕಾಯಿ ಮಾತ್ರ ಎತ್ತಿಕೊಳ್ಳುತ್ತಾರೆ. ಸಂಪುಟದ ಬಗ್ಗೆ ಎರಡು ಮಾತು ಆಡಿ ಎದ್ದು ಹೋಗುತ್ತಾರೆ. ಪಂಪ್‌ಸೆಟ್ ಬಗ್ಗೆ ಕೇಳಿದ್ದೂ ದಾಖಲೆಯಲ್ಲಿ ಇರುತ್ತದೆ, ಉತ್ತರ ಬಾರದ್ದು ಮಾತ್ರ ಯಾರಿಗೂ ಕಾಣುವುದಿಲ್ಲ.

ಮಾತನ್ನು ಹಿಂತಿರುಗಿಸಿ ಕೇಳುವುದು ದೊಡ್ಡವರ ಹತ್ತಿರವೂ ಕೆಲಸ ಮಾಡುತ್ತದೆ. 1977ರಲ್ಲಿ ಡೇವಿಡ್ ಫ್ರಾಸ್ಟ್ ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರನ್ನು ಸಂದರ್ಶಿಸಿದಾಗ ಹೀಗೇ ಆಯಿತು. ಹಾಗಾದರೆ ಕೆಲವು ಸಂದರ್ಭದಲ್ಲಿ ಅಧ್ಯಕ್ಷರು ಕಾನೂನು ಮೀರಿದ್ದನ್ನೂ ಮಾಡಬಹುದು ಅಂತ ನೀವು ಹೇಳ್ತಿದ್ದೀರಾ ಅನ್ನುವ ಅರ್ಥದಲ್ಲಿ ಫ್ರಾಸ್ಟ್ ಕೇಳಿದರು. ಅಧ್ಯಕ್ಷರೇ ಮಾಡಿದರೆ ಅದು ಕಾನೂನುಬಾಹಿರ ಆಗುವುದಿಲ್ಲ ಅಂದುಬಿಟ್ಟರು ನಿಕ್ಸನ್. ಆ ಸಂದರ್ಶನದಲ್ಲಿ ಜನ ಈಗಲೂ ನೆನಪಿಟ್ಟುಕೊಂಡಿರುವುದು ಆ ಒಂದು ಮಾತನ್ನು. ಆದರೆ ಈ ‘ಹಾಗಾದ್ರೆ ನೀವು ಹೇಳೋದು...’ ಎರಡು ಅಲಗಿನ ಕುಡುಗೋಲು. ಅವರು ಹೇಳಿದ್ದನ್ನೇ ಹಿಂದಿರುಗಿಸಿದರೆ ಸ್ಪಷ್ಟನೆ ಸಿಗುತ್ತದೆ. ಸ್ವಲ್ಪ ತಿರುಚಿ ಹಿಂದಿರುಗಿಸಿದರೆ ಅಲ್ಲಿಂದಾಚೆ ಇಡೀ ಸಂದರ್ಶನ ‘ನಾನು ಹಾಗಂದಿಲ್ಲ’ ಅನ್ನುವುದರಲ್ಲೇ ಮುಗಿಯುತ್ತದೆ. ರಾತ್ರಿ 9 ಗಂಟೆಯ ಚರ್ಚೆಗಳಲ್ಲಿ ನೋಡಿರುತ್ತೀರಿ.

‘ಯಾಕೆ’ ಬಗ್ಗೆ ಒಂದು ಮಾತು. ಕಾರಣ ತಿಳಿಯೋಕೆ ಇದಕ್ಕಿಂತ ನೇರ ಪದವಿಲ್ಲ. ಆದರೆ ನಮ್ಮ ಕಿವಿಗೆ ಅದು ಕಾರಣ ಕೇಳಿದ ಹಾಗೆ ಕೇಳಿಸುವುದಿಲ್ಲ, ಗದರಿಸಿದ ಹಾಗೆ ಕೇಳಿಸುತ್ತದೆ. ಯಾಕೆ ಲೇಟು, ಯಾಕೆ ಫೇಲು, ಯಾಕೆ ಬಂದೆ. ಚಿಕ್ಕಂದಿನಿಂದ ನಾವು ಕೇಳಿಸಿಕೊಂಡ ಯಾಕೆಗಳೆಲ್ಲ ಅಂಥವೇ ತಾನೇ. ಸಾಲ ಮಾಡಿ ಕೊಳವೆಬಾವಿ ಕೊರೆಸಿ ಸೋತ ರೈತನಿಗೆ ‘ಮೂರನೇದು ಯಾಕೆ ಕೊರೆಸಿದ್ರಿ?’ ಅಂದರೆ ಅವನು ತಲೆ ತಗ್ಗಿಸುತ್ತಾನೆ, ಇಲ್ಲಾ ರೇಗುತ್ತಾನೆ. ‘ಎರಡನೇದು ಫೇಲಾದ ಮೇಲೆ ಮನೇಲಿ ಏನು ಮಾತಾಯ್ತು?’ ಅಂದರೆ ಕಾರಣ ತಾನೇ ಹೊರಬರುತ್ತದೆ. ಪಾಯಿಂಟ್ ತೋರಿಸಿದವನು, ಸಾಲ ಕೊಟ್ಟವನು, ಬೇಡ ಅಂದ ಹೆಂಡತಿ, ಎಲ್ಲರೂ ಆ ಉತ್ತರದೊಳಗೆ ಬರುತ್ತಾರೆ.

‘ಏನನ್ನಿಸ್ತಿದೆ?’ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬಂದ ಹುಡುಗಿಗೆ ಕೇಳಿ, ಪರವಾಗಿಲ್ಲ. ಶವ ಇನ್ನೂ ಅಂಗಳದಲ್ಲಿರುವಾಗ ತಾಯಿಗೆ ಲೋಗೋ ಹಿಡಿದು ಕೇಳಬೇಡಿ. ನಾನು ಒಮ್ಮೆ ಕೇಳಿದ್ದೇನೆ.

ಇಷ್ಟು ಹೊತ್ತು ಕೇಳುವವರ ಕಡೆಯಿಂದ ಹೇಳಿದೆ. ಓದುವವರಿಗೆ, ನೋಡುವವರಿಗೆ ಬೇರೆಯೇ ತೊಂದರೆ. ಅವರಿಗೆ ಪ್ರಶ್ನೆ ಕಾಣುವುದೇ ಇಲ್ಲ. ಟಿವಿಯಲ್ಲಿ ಎಡಿಟ್ ಮಾಡುವಾಗ ಮೊದಲು ಕತ್ತರಿ ಬೀಳುವುದು ವರದಿಗಾರನ ದನಿಗೆ. ಪತ್ರಿಕೆಯಲ್ಲಿ ಇನ್ನೂ ಸುಲಭ. ‘ನೀರು ಬಂದಿಲ್ಲ ಅಲ್ವಾ?’ ‘ಹೂಂ’ ಎಂಬುದು ಮರುದಿನ ‘ನೀರು ಬಂದಿಲ್ಲ ಎಂದು ರೈತರೊಬ್ಬರು ಅಳಲು ತೋಡಿಕೊಂಡರು’ ಅಂತಾಗುತ್ತದೆ. ರೈತ ಆಡಿದ್ದು ಒಂದು ಹೂಂ. ಅಳಲು, ತೋಡಿಕೊಂಡದ್ದು, ವಾಕ್ಯ ಎಲ್ಲ ನಮ್ಮದು. ಅಧಿಕಾರಿಗೆ ‘ಲೋಪ ಆಗಿದೆ ತಾನೇ?’ ಅಂತ ಕೇಳಿ, ಅವರು ‘ನೋಡೋಣ’ ಅಂದರೆ, ‘ಲೋಪ ಅಲ್ಲಗಳೆಯದ ಅಧಿಕಾರಿ’ ಅಂತ ತಲೆಬರಹ ಬರಬಹುದು. ಹೇಳಿದರು, ಒಪ್ಪಿಕೊಂಡರು, ಸಮರ್ಥಿಸಿಕೊಂಡರು, ಹಾರಿಕೆ ಉತ್ತರ ನೀಡಿದರು: ಇವುಗಳಲ್ಲಿ ‘ಹೇಳಿದರು’ ಒಂದನ್ನು ಬಿಟ್ಟು ಮಿಕ್ಕಿದ್ದರ ಹಿಂದೆಲ್ಲ ಒಂದು ಪ್ರಶ್ನೆ ಅಡಗಿ ಕೂತಿರುತ್ತದೆ. ಅದು ಏನಿದ್ದಿರಬಹುದು ಅಂತ ಒಂದು ಕ್ಷಣ ಊಹಿಸಿ ನೋಡಿ. ಯಾರದ್ದಾದರೂ ಬೈಟ್ ‘ಹೌದು, ಖಂಡಿತಾ’ ಅಂತ ಶುರುವಾದರೆ ಅದಕ್ಕಿಂತ ಮೊದಲು ಯಾವುದೋ ‘ಅಲ್ವಾ’ ಕತ್ತರಿಸಿಹೋಗಿದೆ ಅಂತಲೇ ನನ್ನ ಅನುಮಾನ.

2025ರ ಜನವರಿಯಲ್ಲಿ ಮಾರಿಕಣಿವೆ ಮೂರನೇ ಸಲ ಕೋಡಿ ಬಿತ್ತು. ಅಷ್ಟೊತ್ತಿಗೆ ನಾನು ಚಾನೆಲ್ ಬಿಟ್ಟು ದಾವಣಗೆರೆಗೆ ಬಂದಿದ್ದೆ. ಆದರೂ ಒಂದು ಭಾನುವಾರ ಹೋದೆ. ಹಳೇ ಪುಸ್ತಕದಲ್ಲಿ ಊರಿನ ಹೆಸರಿತ್ತು. ಅಜ್ಜ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ಗುರುತು ಹಿಡಿದರು. ಕಾಫಿ ಬಂತು. ಈ ಸಲ ಕೈಯಲ್ಲಿ ಲೋಗೋ ಇರಲಿಲ್ಲ.

“ಅಜ್ಜಾ, ಮಾರಿಕಣಿವೆ ಬಗ್ಗೆ ನಿಮ್ಗೆ ಮೊಟ್ಟಮೊದ್ಲು ನೆನಪಿರೋದು ಏನು?”

ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ.

“ನಮ್ಮಪ್ಪ ಕಾಲುವೆ ಹೂಳು ತೆಗೆಯೋಕೆ ಹೋಗ್ತಿದ್ದ. ಮಧ್ಯಾಹ್ನ ನಾನು ಬುತ್ತಿ ತಗೊಂಡು ಹೋಗ್ತಿದ್ದೆ. ಉಂಡಾದ್ಮೇಲೆ ಕೋಡಿ ಕಡೆ ಕೈ ತೋರ್ಸಿ ಹೇಳೋನು, ಅಲ್ಲಿ ನೀರು ಹರೀತಿತ್ತು ಕಣೋ, ನಿಮ್ಮಣ್ಣನ್ನ ಹೆಗಲ ಮೇಲೆ ಕೂರಿಸ್ಕೊಂಡು ತೋರ್ಸಿದ್ದೆ ಅಂತ. ನಮ್ಮಣ್ಣಂಗೆ ಆಗ ಮೂರು ವರ್ಷ ಅಂತೆ. ನಾನಿನ್ನೂ ಹುಟ್ಟೇ ಇರ್ಲಿಲ್ಲ.”

“ಮತ್ತೆ ಅವತ್ತು ನಾನು ಕೇಳ್ದಾಗ...?”

ಅಜ್ಜ ನನ್ನ ಮುಖ ನೋಡಿದರು. ಇಷ್ಟು ಓದಿದವನಿಗೆ ಇದೂ ತಿಳಿಯಲ್ಲವಾ ಅನ್ನುವ ಹಾಗೆ.

“ನೀವು ನೋಡಿದ್ರಿ ಅಲ್ವಾ ಅಂದ್ರಿ. ನೀವು ಅಂದ್ರೆ ನಮ್ ಮನೆಯವ್ರು ಅಂದ್ಕೊಂಡೆ ಕಣಪ್ಪಾ. ನಮ್ ಮನೆಯವ್ರು ನೋಡಿದ್ರಲ್ಲ. ಹೂಂ ಅಂದೆ.”